ಹೆಡಿ ಲಮಾರ್ ಮತ್ತು 88 ಫ್ರೀಕ್ವೆನ್ಸಿಗಳು

ಹಾಸ್ಟೆಲ್ ರೂಮಲ್ಲಿ ನಾಲ್ಕು ಜನ ಬ್ಲೂಟೂತ್ ಇಯರ್‌ಫೋನ್ ಹಾಕ್ಕೊಂಡು ಕೂತಿದ್ರೂ ಒಬ್ಬರ ಹಾಡು ಇನ್ನೊಬ್ಬರಿಗೆ ಅಡ್ಡ ಬರೋದಿಲ್ಲ. ಇದರ ಹಿಂದೆ ಇರೋ ಒಂದು ಉಪಾಯಕ್ಕೆ ಸಿನಿಮಾ ನಟಿಯೊಬ್ಬರು 1942ರಲ್ಲೇ ಪೇಟೆಂಟ್ ಪಡೆದಿದ್ದರು ಅಂದ್ರೆ ನಂಬ್ತೀರಾ? ಅವರೇ ಹೆಡಿ ಲಮಾರ್.

ಹೆಡಿ ಹುಟ್ಟಿದ್ದು 1914ರಲ್ಲಿ, ಆಸ್ಟ್ರಿಯಾದ ವಿಯೆನ್ನಾದಲ್ಲಿ. ಮೂಲ ಹೆಸರು ಹೆಡ್ವಿಗ್ ಕೀಸ್ಲರ್. 1933ರಲ್ಲಿ ‘ಎಕ್ಸ್ಟಸಿ’ ಎಂಬ ಚಿತ್ರದಿಂದ ಯುರೋಪಿನಲ್ಲಿ ಸುದ್ದಿಯಾದರು. ಅದೇ ವರ್ಷ ಮದುವೆಯಾಗಿದ್ದು ಶಸ್ತ್ರಾಸ್ತ್ರ ತಯಾರಕ ಫ್ರಿಟ್ಜ್ ಮಾಂಡ್ಲ್ ಅವರನ್ನು. ಗಂಡನ ಕಟ್ಟುಪಾಡು ಸಹಿಸಲಾಗದೆ 1937ರಲ್ಲಿ ಮನೆ ಬಿಟ್ಟರು. ಲಂಡನ್ನಿನಲ್ಲಿ ಎಂಜಿಎಂ ಸ್ಟುಡಿಯೋದ ಲೂಯಿಸ್ ಮೇಯರ್ ಅವರ ಭೇಟಿಯಾಗಿ ಹಾಲಿವುಡ್ ಸೇರಿದರು. ‘ಅಲ್ಜಿಯರ್ಸ್’ (1938), ‘ಸ್ಯಾಮ್ಸನ್ ಅಂಡ್ ಡಿಲೈಲಾ’ (1949) ಅವರ ಹೆಸರಾಂತ ಚಿತ್ರಗಳು.

ಈಗ ಪೇಟೆಂಟ್ ವಿಷಯಕ್ಕೆ ಬರೋಣ. ರೇಡಿಯೋ ಮೂಲಕ ನಡೆಸುವ ಟಾರ್ಪಿಡೊ ಒಂದೇ ಫ್ರೀಕ್ವೆನ್ಸಿ ಬಳಸಿದರೆ ಶತ್ರು ಅದರಲ್ಲೇ ಗದ್ದಲ ಎಬ್ಬಿಸಿ ಸಿಗ್ನಲ್ ಜಾಮ್ ಮಾಡಬಹುದು. ಹಡಗು, ಟಾರ್ಪಿಡೊ ಎರಡೂ ಒಟ್ಟಿಗೇ ಫ್ರೀಕ್ವೆನ್ಸಿ ಬದಲಿಸ್ತಾ ಹೋದರೆ? ಶತ್ರುವಿಗೆ ಆ ಕ್ರಮ ಗೊತ್ತಾಗಲ್ಲ. ಆದ್ರೆ ಎರಡನ್ನೂ ಒಂದೇ ತಾಳಕ್ಕೆ ತರೋದು ಹೇಗೆ? ಹೆಡಿ ಜೊತೆಗಿದ್ದ ಸಂಗೀತ ಸಂಯೋಜಕ ಜಾರ್ಜ್ ಆಂಥೈಲ್ ಅವರಿಗೆ, ತಾನೇ ನುಡಿಯುವ ಪಿಯಾನೋ ಚೆನ್ನಾಗಿ ಗೊತ್ತಿತ್ತು. ಅದರಲ್ಲಿ ತೂತುಗಳಿರುವ ಕಾಗದದ ಸುರುಳಿ ಸ್ವರಗಳ ಕ್ರಮ ಹೇಳುತ್ತೆ. ಅಂಥದ್ದೇ ಸುರುಳಿಯನ್ನು ಎರಡೂ ಕಡೆ ಇಟ್ಟರೆ ಆಯ್ತು! ಫ್ರೀಕ್ವೆನ್ಸಿಗಳು 88, ಪಿಯಾನೋ ಮನೆಗಳಷ್ಟೇ.

ಅವರನ್ನು ‘ವೈಫೈ ತಾಯಿ’ ಅಂತ ಕರೆಯೋದು ಮಾತ್ರ ಅತಿಯಾಯ್ತು. ಫ್ರೀಕ್ವೆನ್ಸಿ ಬದಲಿಸುವ ಯೋಚನೆ ಮೊದಲೇ ಇತ್ತು, ಇಂದಿನ ವೈಫೈ ಬೇರೆ ವಿಧಾನ ಬಳಸುತ್ತೆ. ಇವರಿಬ್ಬರದು ಸುರುಳಿಯಿಂದ ತಾಳ ಕೂಡಿಸುವ ವಿನ್ಯಾಸ. ಕ್ಲಾಸಿಕ್ ಬ್ಲೂಟೂತ್ ಮಾತ್ರ ಇಂದಿಗೂ 79 ಚಾನೆಲ್‌ಗಳ ನಡುವೆ ಸೆಕೆಂಡಿಗೆ 1600 ಸಲ ಜಿಗಿಯುತ್ತೆ.

ಅಮೆರಿಕದ ನೌಕಾಪಡೆ ಯುದ್ಧದಲ್ಲಿ ಈ ವಿನ್ಯಾಸ ಬಳಸಲಿಲ್ಲ. ಯುದ್ಧಬಾಂಡ್ ಮಾರಲು ಹೆಡಿಯ ಮುಖ ಬೇಕಾಯ್ತು, ಡ್ರಾಯಿಂಗ್ ಬೇಡವಾಯ್ತು. ಪೇಟೆಂಟ್‌ನಿಂದ ಅವರಿಗೆ ಹಣವೂ ಬರಲಿಲ್ಲ. ಮನ್ನಣೆಯ ಪ್ರಶಸ್ತಿ ಬಂದಿದ್ದು 1997ರಲ್ಲಿ, 2000ದಲ್ಲಿ ತೀರಿಕೊಂಡರು.

ನಮ್ಮ ಪ್ರಾಜೆಕ್ಟ್ ಗುಂಪುಗಳಲ್ಲೂ ಹುಡುಗಿಯರಿಗೆ ರಿಪೋರ್ಟ್, ಪಿಪಿಟಿ ಕೊಟ್ಟು ಸರ್ಕ್ಯೂಟ್ ಹುಡುಗರೇ ಇಟ್ಕೊಳ್ಳೋದುಂಟು. ಈ ಸೆಮಿಸ್ಟರ್ ಕೆಲಸ ಹಂಚುವ ಮೊದಲು, ಯಾರ ಹತ್ರ ಯಾವ ಐಡಿಯಾ ಇದೆ ಅಂತ ಒಂದ್ಸಲ ಕೇಳೋಣ.