ರಾತ್ರಿ ಎರಡಾದರೂ ರೀಲ್ಸ್!

ಪ್ರಶ್ನೆ: ಡಾಕ್ಟ್ರೇ, ಮಗನಿಗೆ ಹತ್ತೊಂಬತ್ತು, ಎಂಜಿನಿಯರಿಂಗ್ ಓದುತ್ತಿದ್ದಾನೆ. ರಾತ್ರಿ ಎರಡಾದರೂ ಇನ್‌ಸ್ಟಾಗ್ರಾಮ್‌ನಲ್ಲಿ ರೀಲ್ಸ್ ನೋಡುತ್ತಿರುತ್ತಾನೆ. ಬೆಳಿಗ್ಗೆ ಎಬ್ಬಿಸಿ ಎಬ್ಬಿಸಿ ಸಾಕಾಗುತ್ತದೆ. ನಮ್ಮ ಯಜಮಾನರು ಐದಕ್ಕೇ ಎದ್ದು ವಾಕಿಂಗ್ ಹೋಗುವವರು. ಮೊಬೈಲೇ ಇವನನ್ನು ಹಾಳು ಮಾಡಿತು ಎಂದು ದಿನಾ ರಂಪ. ಹತ್ತಕ್ಕೇ ಕಿತ್ತಿಟ್ಟರೆ ಸರಿಹೋಗುತ್ತಾನಾ?
– ಗೃಹಿಣಿ, ದಾವಣಗೆರೆ

ಉತ್ತರ: ಕಿತ್ತಿಟ್ಟರೆ ಮೊಬೈಲ್ ಮಲಗೀತು, ಮಗ ಮಲಗುವುದಿಲ್ಲ. ನಿದ್ದೆಯ ಹೊತ್ತನ್ನು ಗೊತ್ತುಮಾಡುವ ಗಡಿಯಾರ ಮಿದುಳಿನೊಳಗಿದೆ. ಕೆಲವರದು ಬೇಗ, ಕೆಲವರದು ತಡ. ಅದರಲ್ಲಿ ವಂಶದ ಪಾಲೂ ಇದೆ, ವಯಸ್ಸಿನ ಪಾಲೂ ಇದೆ. ಹರೆಯದಲ್ಲಿ ಅದು ಹಿಂದೆ ಬೀಳುತ್ತ ಹೋಗಿ, ಇಪ್ಪತ್ತರ ಆಸುಪಾಸಿನಲ್ಲಿ ಅತಿ ತಡವಾಗುತ್ತದೆ, ಆಮೇಲೆ ತಾನಾಗಿ ಮುಂದಕ್ಕೆ ಸರಿಯುತ್ತದೆ ಎಂದು ಜರ್ಮನಿಯ ವಿಜ್ಞಾನಿ ಟಿಲ್ ರೊನೆಬರ್ಗ್ ತಂಡ 2004ರಲ್ಲೇ ತೋರಿಸಿತು. ನಿಮ್ಮ ಮಗ ಸರಿಯಾಗಿ ಆ ತುದಿಯಲ್ಲಿದ್ದಾನೆ. ಸೋಮಾರಿ ಎನ್ನಬೇಡಿ.

ತಡವಾಗಿ ಮಲಗುವವರೇ ಸೋಷಿಯಲ್ ಮೀಡಿಯಾಕ್ಕೆ ಹೆಚ್ಚು ಅಂಟಿಕೊಳ್ಳುತ್ತಾರೆ ಎನ್ನುವ ಅಧ್ಯಯನಗಳು ಹಲವಿವೆ. ಹೆಚ್ಚಿನವು ಒಂದು ಸಲ ಪ್ರಶ್ನಾವಳಿ ತುಂಬಿಸಿಕೊಂಡಂಥವು. ಯಾವುದು ಮೊದಲು, ಯಾವುದು ಆಮೇಲೆ ಎಂಬುದು ಅದರಿಂದ ತಿಳಿಯದು. ನನ್ನ ಅಭಿಪ್ರಾಯ ಕೇಳಿದರೆ, ಹನ್ನೊಂದಕ್ಕೆ ಮನೆಯವರೆಲ್ಲ ಮಲಗಿದ್ದಾರೆ, ಇವನಿಗೆ ನಿದ್ದೆಯಿಲ್ಲ, ಮಾತಿಗೆ ಜನವಿಲ್ಲ. ಎಚ್ಚರವಿರುವುದು ಮೊಬೈಲೊಂದೇ. ನಮ್ಮ ಕಾಲದಲ್ಲಿ ಆ ಜಾಗದಲ್ಲಿ ಪತ್ತೇದಾರಿ ಕಾದಂಬರಿ ಇತ್ತು. ಅದಕ್ಕೆ ಕೊನೆಯ ಪುಟವಿತ್ತು, ರೀಲ್ಸ್‌ಗೆ ಇಲ್ಲ. ಹನ್ನೆರಡೂವರೆಗೆ ಬರಬೇಕಾದ ನಿದ್ದೆ ಎರಡಕ್ಕೆ ಜಾರುವುದು ಅಲ್ಲಿಯೇ. ಮೊಬೈಲನ್ನು ಬೈಯುವುದಿದ್ದರೆ ಆ ಒಂದೂವರೆ ಗಂಟೆಗಷ್ಟೇ ಬೈಯಿರಿ.

ಮಿದುಳಿನ ಗಡಿಯಾರವನ್ನು ತಿದ್ದುವುದು ಬೆಳಕು, ಹಾಗಾಗಿ ಉಪಾಯ ಬೆಳಿಗ್ಗೆಯಿಂದ ಶುರುವಾಗಬೇಕು. ಅಮೆರಿಕದ ಕೊಲೊರಾಡೊದಲ್ಲಿ ಎಂಟು ಜನರನ್ನು ವಾರವಿಡೀ ವಿದ್ಯುತ್ ದೀಪ, ಮೊಬೈಲ್ ಇಲ್ಲದೆ ಡೇರೆಯಲ್ಲಿ ಇರಿಸಿದ್ದರು. 2013ರಲ್ಲಿ ಪ್ರಕಟವಾದ ಆ ಪ್ರಯೋಗದಲ್ಲಿ ಅವರ ದೇಹದ ಗಡಿಯಾರ ಸುಮಾರು ಎರಡು ಗಂಟೆ ಮುಂದಕ್ಕೆ ಬಂತು. ಹೆಚ್ಚು ಬದಲಾದವರು ತಡ ಮಲಗುವವರೇ. ನೀವು ಡೇರೆ ಹಾಕಬೇಕಿಲ್ಲ. ಯಜಮಾನರು ವಾಕಿಂಗನ್ನು ಏಳಕ್ಕೆ ಸರಿಸಿ, ಬೈಯದೆ ಮಗನನ್ನೂ ಬಿಸಿಲಿಗೆ ಕರೆದೊಯ್ಯಲಿ, ಭಾನುವಾರವೂ ಸೇರಿ. ಚಾರ್ಜರ್ ಹಾಲ್‌ನಲ್ಲಿರಲಿ. ಮೊಬೈಲ್ ಅಲ್ಲಿಡುವ ಹೊತ್ತನ್ನು ಅವನೇ ಹೇಳಲಿ. ‘ಅಲಾರಂಗೆ ಬೇಕು’ ಎಂಬ ನೆಪಕ್ಕೆ ಮೇಜಿನ ಗಡಿಯಾರವೊಂದನ್ನು ತಂದುಕೊಡಿ.

ಪ್ರಶ್ನೆ: ನಾನು ಐದಕ್ಕೇ ಎದ್ದು ವಾಟ್ಸ್‌ಆ್ಯಪ್ ನೋಡುತ್ತೇನೆ. ರಾತ್ರಿ ಮುಟ್ಟುವುದಿಲ್ಲ. ತೊಂದರೆಯಿಲ್ಲ ತಾನೆ?
– ಶಿಕ್ಷಕಿ, ಶಿರಸಿ

ಉತ್ತರ: ನಿಮ್ಮ ನಿದ್ದೆಗಿಲ್ಲ. ‘ಶುಭೋದಯ’ದ ಗುಲಾಬಿ ಕಳಿಸುತ್ತೀರಾದರೆ ಗುಂಪಿನವರ ನಿದ್ದೆಗಿದೆ! ಬೇಗ ಏಳುವವರಿಗೆ ತಲೆ ಚುರುಕಾಗಿರುವುದು ಬೆಳಗಿನ ಹೊತ್ತಿನಲ್ಲಿ. ಉತ್ತರಪತ್ರಿಕೆ ತಿದ್ದುವುದಿದ್ದರೆ ಆಗಲೇ ತಿದ್ದಿ. ಗುಲಾಬಿ ಏಳರ ಮೇಲೆ ಹೋಗಲಿ.