ಮನೆಯ ವೈಫೈ ಹೊಣೆ ಹೊತ್ತ ತಂಗಿಗೆ

ಪ್ರೀತಿಯ ತಂಗೀ,

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಕಡೆ ಫೈಬರ್ ಹಾಕಿಸಿಕೊಂಡ ಮನೆಗಳಲ್ಲಿ ‘ನೆಟ್ ಯಾಕ ಬರವಲ್ದು, ಒಂಚೂರು ನೋಡವಾ’ ಎಂದು ಕರೆಸಿಕೊಳ್ಳುವ ಒಬ್ಬರು ಇದ್ದೇ ಇರುತ್ತಾರೆ. ಕಾಲೇಜು ಓದುತ್ತಿರುವವರ ಪಾಲಿಗೆ ತಾನಾಗಿ ಬರುವ ಚಾಕರಿ ಅದು. ನೀನೂ ಅಂಥವಳೆಂದು ತಿಳಿದೇ ಈ ಪತ್ರ. ನೆಟ್ ನಿಧಾನವಾದಾಗ ನಿನಗೆ ಎರಡು ಬಗೆಯ ಸಲಹೆ ಸಿಗುತ್ತದೆ. ದೊಡ್ಡ ಪ್ಲ್ಯಾನ್ ತಗೋ ಎನ್ನುತ್ತಾರೆ ಕೇಬಲ್‌ನವರು. ಕಂಪನಿಯ ಡಬ್ಬಿ ಕಿತ್ತೊಗೆದು ಸ್ವಂತದ್ದು ಹಾಕು ಎನ್ನುತ್ತಾರೆ ಯೂಟ್ಯೂಬ್ ನೋಡಿದ ಗೆಳೆಯರು. ಎರಡನ್ನೂ ಕೇಳಬೇಡ. ಫೈಬರಿನ ಬೆಳಕು ಹಿಡಿಯುವ ಕೆಲಸ ಕಂಪನಿಯ ಡಬ್ಬಿಗೇ ಇರಲಿ. ಮನೆಯೊಳಗೆ ವೈಫೈ ಹಂಚುವ ಕೆಲಸವನ್ನು ಅದರಿಂದ ಬಿಡಿಸಿ ನಿನ್ನ ಸ್ವಂತ ರೂಟರಿಗೆ ಕೊಡು.

ಡಬ್ಬಿಯನ್ನು ಯಾಕೆ ಕೀಳಬಾರದು ಎಂಬುದನ್ನು ಮೊದಲು ಹೇಳುತ್ತೇನೆ. ನಾವು ಮೋಡೆಮ್ ಎಂದು ಕರೆಯುವ ಅದರೊಳಗೆ ಮೂರು ಯಂತ್ರ ಒಟ್ಟಿಗೇ ಕೂತಿವೆ: ಗಾಜಿನ ಎಳೆಯ ಬೆಳಕನ್ನು ವಿದ್ಯುತ್ ಸಂಕೇತವಾಗಿ ಮಾಡುವ ಓಎನ್‌ಟಿ, ಯೂಸರ್‌ನೇಮ್ ಪಾಸ್‌ವರ್ಡ್ ಕೊಟ್ಟು ಲಾಗಿನ್ ಆಗುವ ರೂಟರ್, ಮತ್ತು ವೈಫೈ ರೇಡಿಯೊ. ಮನೆಗಳಿಗೆ ಫೈಬರ್ ತಲುಪಿಸುವ ಜಿಪಾನ್ ಪದ್ಧತಿಯಲ್ಲಿ ಎಕ್ಸ್‌ಚೇಂಜಿನಿಂದ ಹೊರಟ ಒಂದೇ ಎಳೆ ಸ್ಪ್ಲಿಟರಿನಲ್ಲಿ ಕವಲೊಡೆದು 32 ಅಥವಾ 64 ಮನೆಗಳಿಗೆ ಹೋಗುತ್ತದೆ. ಡೌನ್‌ಲೋಡಿನ ಸುಮಾರು 2.5 ಗಿಗಾಬಿಟ್, ಅಪ್‌ಲೋಡಿನ ಸುಮಾರು 1.25 ಗಿಗಾಬಿಟ್ ಅಷ್ಟೂ ಮನೆಗಳ ಪಾಲು. ನಮ್ಮ ಮನೆಯಿಂದ ಹೊರಟ ಬೆಳಕು ನೆರೆಮನೆಯ ಬೆಳಕಿಗೆ ಡಿಕ್ಕಿ ಹೊಡೆಯದಂತೆ ಎಕ್ಸ್‌ಚೇಂಜಿನ ಯಂತ್ರ ಪ್ರತಿ ಡಬ್ಬಿಗೂ ಸರದಿ ಕೊಡುತ್ತದೆ. ಸರದಿ ಪಾಲಿಸದ ಒಂದು ಕೆಟ್ಟ ಡಬ್ಬಿ ಸಾಕು, ಇಡೀ ಓಣಿಯ ನೆಟ್ ಕೆಡಲು. ಅದಕ್ಕೇ ಕಂಪನಿ ಡಬ್ಬಿಯ ಸೀರಿಯಲ್ ನಂಬರ್ ಬರೆದುಕೊಂಡೇ ಒಳಗೆ ಬಿಡುತ್ತದೆ. ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಕ್ಕ ಓಎನ್‌ಟಿ ತಂದು ಚುಚ್ಚಿದರೆ ಅದರ ಪಾನ್ ಲೈಟು ಮಿಣುಕುತ್ತಲೇ ಕೂರುತ್ತದೆ, ಸಂಪರ್ಕ ಸಿಗದು. ತುದಿಯ ಪ್ಲಗ್ಗಿನಲ್ಲೂ ಎರಡು ಬಗೆ: ನೀಲಿಯದರ ಮುಖ ನೇರ, ಹಸಿರಿನದು 8 ಡಿಗ್ರಿ ಓರೆ. ಹಸಿರನ್ನು ನೀಲಿಯ ಜಾಗಕ್ಕೆ ತುರುಕಿದರೆ ಸಂದು ಉಳಿದು ಬೆಳಕು ಪೋಲಾಗುತ್ತದೆ. ಇಲ್ಲಿ ಕೈಯಾಡಿಸದಿರುವುದೇ ಜಾಣತನ.

ವೈಫೈ ಮಾತು ಬೇರೆ. ಎಳೆ ಎಲ್ಲಿ ಒಳಗೆ ಬಂತೋ ಅಲ್ಲೇ ಡಬ್ಬಿ ಕೂರಿಸಿ ಹೋಗುತ್ತಾರೆ, ಹೆಚ್ಚಾಗಿ ತಲಬಾಗಿಲ ಮಗ್ಗುಲಿಗೆ, ಮೀಟರ್ ಬೋರ್ಡಿನ ಪಕ್ಕ. ನಮ್ಮ ಕಡೆಯ ಹಳೆಯ ಮನೆಗಳದ್ದೋ ಮೊಳಗಟ್ಟಲೆ ದಪ್ಪದ ಕಲ್ಲು-ಮಣ್ಣಿನ ಗೋಡೆ. ಪಡಸಾಲೆ, ನಡುಮನೆ, ಅಡುಗೆಮನೆ ಒಂದರ ಹಿಂದೊಂದು. ಬೇಸಿಗೆಯ ಝಳ ತಡೆಯಲು ಕಟ್ಟಿದ ಗೋಡೆ ರೇಡಿಯೊ ಅಲೆಯನ್ನೂ ತಡೆಯುತ್ತದೆ. 5 ಗಿಗಾಹರ್ಟ್ಸ್‌ನ ವೇಗದ ವೈಫೈ ಒಂದು ಗೋಡೆ ದಾಟುವಷ್ಟರಲ್ಲಿ ಸುಸ್ತು. 2.4 ಗಿಗಾಹರ್ಟ್ಸ್ ಇನ್ನೊಂದು ಗೋಡೆ ದಾಟೀತು, ಆದರೆ ಅದರಲ್ಲಿ ಒಂದಕ್ಕೊಂದು ತಾಗದ ಚಾನೆಲ್‌ಗಳೆಂದರೆ 1, 6, 11 ಮೂರೇ. ಓಣಿಯ ಮನೆಗಳೆಲ್ಲ ಅವುಗಳಲ್ಲೇ ನುಗ್ಗಾಡಬೇಕು. ದೋಷ ಎಲ್ಲಿದೆ ಎಂದು ಪರೀಕ್ಷಿಸುವುದು ಸುಲಭ. ಲ್ಯಾಪ್‌ಟಾಪನ್ನು ಕೇಬಲ್ಲಿನಿಂದ ಡಬ್ಬಿಗೆ ನೇರ ಜೋಡಿಸಿ ಸ್ಪೀಡ್ ಟೆಸ್ಟ್ ಮಾಡು. ಆಮೇಲೆ ಅಡುಗೆಮನೆಯಲ್ಲಿ ನಿಂತು ಫೋನಿನಲ್ಲಿ ಮಾಡು. ಮೊದಲನೆಯದು ಸರಿ ಬಂದು ಎರಡನೆಯದು ಕುಸಿದರೆ ತಪ್ಪು ಗೋಡೆಯದು. ಪ್ಲ್ಯಾನನ್ನು 200 ಎಂಬಿಪಿಎಸ್‌ಗೆ ಏರಿಸಿದರೂ ಅಡುಗೆಮನೆಗೆ ಬರುವುದು ಅಷ್ಟೇ. ಮೊದಲನೆಯದೇ ಕುಸಿದಿದ್ದರೆ ರೂಟರಿಗೆ ದುಡ್ಡು ಸುರಿಯಬೇಡ, ಕಂಪ್ಲೇಂಟ್ ಕೊಡು.

ಗೋಡೆಯ ತೊಡಕಿಗೆ ಮದ್ದು ಒಂದೇ: ನಡುಮನೆಯವರೆಗೆ ಲ್ಯಾನ್ ಕೇಬಲ್ ಎಳೆದು ಅಲ್ಲಿ ನಿನ್ನ ರೂಟರ್ ಇಡುವುದು. ಒಳ್ಳೆಯ ತಾಮ್ರದ ಕೇಬಲ್ 100 ಮೀಟರ್‌ವರೆಗೆ ವೇಗ ಬಿಟ್ಟುಕೊಡದು. ಅಗ್ಗದ್ದನ್ನು ತುದಿ ಕೆರೆದು ನೋಡು. ಒಳಗೆ ಬೆಳ್ಳಗೆ ಕಂಡರೆ ಅದು ತಾಮ್ರ ಲೇಪಿಸಿದ ಅಲ್ಯೂಮಿನಿಯಂ, ಬೇಡ. ಗೋಡೆ ಕೊರೆಯಲು ಅಜ್ಜ ಒಪ್ಪದಿದ್ದರೆ ಜಂತಿಯ ಕೆಳಗೆ, ಬಾಗಿಲ ಚೌಕಟ್ಟಿನ ಮೇಲೆ ಹಾಯಿಸಬಹುದು. ರಿಪೀಟರ್ ಸಾಲದೇ ಎನ್ನುತ್ತೀಯೇನೋ. ಕೇಳುವುದು, ಮತ್ತೆ ಹೇಳುವುದು ಎರಡನ್ನೂ ಒಂದೇ ರೇಡಿಯೊದಲ್ಲಿ ಮಾಡುವ ಅಗ್ಗದ ರಿಪೀಟರ್ ವೇಗವನ್ನು ಅರ್ಧಕ್ಕೆ ಇಳಿಸುತ್ತದೆ.

ವೇಗಕ್ಕಿಂತ ನನಗೆ ದೊಡ್ಡದಾಗಿ ಕಾಣುವ ಕಾರಣ ಇನ್ನೊಂದಿದೆ. 2017ರ ಜುಲೈನಲ್ಲಿ ಬಿಎಸ್‌ಎನ್‌ಎಲ್ ಬ್ರಾಡ್‌ಬ್ಯಾಂಡ್ ಮೋಡೆಮ್‌ಗಳ ಮೇಲೆ ಮಾಲ್‌ವೇರ್ ದಾಳಿ ನಡೆದು, ಕರ್ನಾಟಕ ವೃತ್ತದಲ್ಲಿ ಸುಮಾರು 60 ಸಾವಿರ ಮೋಡೆಮ್‌ಗಳು ಕೆಲಸ ನಿಲ್ಲಿಸಿದವೆಂದು ವರದಿಯಾಗಿತ್ತು. ಸಿಕ್ಕಿಬಿದ್ದವು ಯೂಸರ್‌ನೇಮೂ ಅಡ್ಮಿನ್, ಪಾಸ್‌ವರ್ಡೂ ಅಡ್ಮಿನ್ ಎಂದೇ ಉಳಿದಿದ್ದವು. ಅದಕ್ಕೂ ಮುಂಚೆ 2016ರ ನವೆಂಬರ್‌ನಲ್ಲಿ ಜರ್ಮನಿಯ ಡಾಯ್ಚ ಟೆಲಿಕಾಂನ ಸುಮಾರು 9 ಲಕ್ಷ ಗ್ರಾಹಕರ ಸಂಪರ್ಕ ಕಡಿದಿತ್ತು. ರೂಟರುಗಳನ್ನು ದೂರದಿಂದ ನಿರ್ವಹಿಸಲೆಂದು ಇರುವ 7547ನೇ ಪೋರ್ಟನ್ನು ಮಿರಾಯ್ ಜಾತಿಯ ಮಾಲ್‌ವೇರ್ ಬಡಿಯುತ್ತಿತ್ತು. ಸ್ವಂತ ರೂಟರಿಗೂ ಅಡ್ಮಿನ್-ಅಡ್ಮಿನ್ ಬಿಟ್ಟರೆ ಗತಿ ಅದೇ, ನಿಜ. ಆದರೆ ಅಲ್ಲಿ ಪಾಸ್‌ವರ್ಡ್ ಬದಲಿಸುವುದು, ಫರ್ಮ್‌ವೇರ್ ಅಪ್‌ಡೇಟ್ ಹಾಕುವುದು, ದೂರದ ನಿರ್ವಹಣೆ ಮುಚ್ಚುವುದು ಮೂರೂ ನಿನ್ನ ಕೈಯಲ್ಲಿವೆ. ಕಂಪನಿಯ ಡಬ್ಬಿಯಲ್ಲಿ ಎಷ್ಟೋ ಸಲ ಆ ಪುಟವೇ ನಿನಗೆ ತೆರೆಯದು. ಸುರೇಬಾನದ ನೇಕಾರರ ಮನೆಯಲ್ಲಿ ಫೋನ್‌ಪೇ, ವ್ಯಾಪಾರಿಗೆ ಕಳಿಸುವ ಸೀರೆಯ ಫೋಟೊ, ಮಕ್ಕಳ ಪಾಠ ಎಲ್ಲ ಈ ಒಂದೇ ವೈಫೈ ಮೇಲೆ ನಡೆಯುವಾಗ ಇದು ಸಣ್ಣ ಮಾತಲ್ಲ. ಇನ್ನು ಭಾರತ ಹುಣ್ಣಿಮೆಗೆ ಯಲ್ಲಮ್ಮನ ಗುಡ್ಡಕ್ಕೆ ಬಂದ ಬೀಗರೆಲ್ಲ ಪಾಸ್‌ವರ್ಡ್ ಕೇಳುತ್ತಾರಲ್ಲ, ಅವರಿಗೆ ಗೆಸ್ಟ್ ನೆಟ್‌ವರ್ಕ್ ಬೇರೆ ಮಾಡಿಕೊಡು. ಜಾತ್ರೆ ಮುಗಿದ ಮೇಲೆ ಆರಿಸಿಬಿಡು.

ಎರಡು ಕೋಣೆಯ ಮನೆಗೆ ಇದೆಲ್ಲ ಯಾಕೆ ಎಂದು ಯಾರಾದರೂ ಕೇಳಿದರೆ, ಯಾಕೂ ಬೇಡ ಎಂದೇ ಹೇಳುತ್ತೇನೆ. ಅಲ್ಲಿ ಪಾಸ್‌ವರ್ಡುಗಳನ್ನು ಬದಲಿಸಿ ಸುಮ್ಮನಿದ್ದರೆ ಸಾಕು, ರೂಟರಿನ ದುಡ್ಡು ಉಳಿಯುತ್ತದೆ. ಡಬ್ಬಿಯನ್ನು ಬ್ರಿಡ್ಜ್ ಮಾಡಿದರೆ, ಅಂದರೆ ಲಾಗಿನ್ ಆಗುವ ಕೆಲಸವನ್ನೂ ಅದರಿಂದ ಬಿಡಿಸಿ ನಿನ್ನ ರೂಟರಿಗೆ ಕೊಟ್ಟರೆ, ಲ್ಯಾಂಡ್‌ಲೈನ್ ಸತ್ತುಹೋಗುತ್ತದೆ ಎಂಬ ಭಯ ಕೆಲವರಿಗೆ. ಫೋನಿನ ಸಂಪರ್ಕ ಒಳಗೆ ಬೇರೆಯಾಗಿಯೇ ಹಾಯುವಂತೆ ಇಡಬಹುದು. ಇಂಟರ್ನೆಟ್ಟನ್ನಷ್ಟೇ ಬ್ರಿಡ್ಜ್ ಮಾಡಿ ಎಂದು ಕಂಪನಿಯವರಿಗೆ ಬಿಡಿಸಿ ಹೇಳು. ಲಾಗಿನ್ ಯೂಸರ್‌ನೇಮು, ಪಾಸ್‌ವರ್ಡನ್ನೂ ಆಗಲೇ ಕೇಳಿ ಬರೆದಿಟ್ಟುಕೋ. ಜರ್ಮನಿಯಲ್ಲಿ 2016ರ ಆಗಸ್ಟ್ 1ರಿಂದ ರೂಟರ್ ಆರಿಸುವ ಹಕ್ಕು ಗ್ರಾಹಕರದು, ಆ ವಿವರಗಳನ್ನು ಕಂಪನಿ ಕೇಳದೆಯೇ ಕೊಡಬೇಕು. ಇಲ್ಲಿ ಬೆನ್ನುಹತ್ತಿ ಕೇಳಬೇಕು. ಬ್ರಿಡ್ಜ್ ಮಾಡಲು ಒಪ್ಪದ ಕಂಪನಿಗಳೂ ಇವೆ. ಜಗಳ ಬೇಡ. ಡಬ್ಬಿಯ ವೈಫೈ ಆರಿಸಿ, ನಿನ್ನ ರೂಟರನ್ನು ವೈಫೈ ಹಂಚುವುದಷ್ಟೇ ಮಾಡುವ ಆಕ್ಸೆಸ್ ಪಾಯಿಂಟ್ ಮೋಡ್‌ನಲ್ಲಿ ಅದರ ಹಿಂದೆ ಜೋಡಿಸು. ಗೋಡೆಯ ತೊಡಕು ಅಷ್ಟರಿಂದಲೇ ಹೋಗುತ್ತದೆ. ಬೀಗರ ಗೆಸ್ಟ್ ನೆಟ್‌ವರ್ಕನ್ನು ಮನೆಯದರಿಂದ ಪೂರ್ತಿ ಬೇರೆ ಇಡುವುದು ಮಾತ್ರ ಆ ಮೋಡ್‌ನಲ್ಲಿ ಕೆಲವು ರೂಟರಿಗೆ ಸಾಧ್ಯವಾಗದು.

ಒಂದಿದ್ದ ಡಬ್ಬಿ ಎರಡಾದರೆ ಕರೆಂಟ್ ಹೋದಾಗ ಎರಡೂ ಆರುತ್ತವೆ ಎಂಬ ಆಕ್ಷೇಪ ಸರಿಯಾದದ್ದೇ. ಹೆಸ್ಕಾಂ ಕರೆಂಟಿನ ಆಟ ನಿನಗೂ ಗೊತ್ತು. ಎರಡು ಔಟ್‌ಪುಟ್ ಇರುವ ಮಿನಿ ಯುಪಿಎಸ್ ಕೊಳ್ಳು. ಕೊಳ್ಳುವ ಮುಂಚೆ ಎರಡೂ ಅಡಾಪ್ಟರ್‌ಗಳ ಮೇಲಿನ ವೋಲ್ಟು, ಆಂಪಿಯರ್ ಅಂಕಿ ಓದಿಕೋ, ಎಲ್ಲವೂ 12 ವೋಲ್ಟ್ ಇರುವುದಿಲ್ಲ. ಅಡ್ಡಮಳಿ ಸಿಡಿಲಿನ ದಿನಗಳಲ್ಲಿ ಪ್ಲಗ್ ಕಿತ್ತಿಡು. ಗಾಜಿನ ಎಳೆಯಲ್ಲಿ ಕರೆಂಟ್ ಹರಿಯದು, ಅದನ್ನು ಹೊತ್ತ ಉಕ್ಕಿನ ತಂತಿಯಲ್ಲಿ ಹರಿಯುತ್ತದೆ. ಆ ತಂತಿ ಮನೆಯ ಹೊರಗೇ ನಿಂತಿದೆಯೇ ನೋಡು.

ಕೊನೆಗೆ, ನೆಟ್ ಹೋದ ದಿನ ಕೇಬಲ್‌ನ ಹುಡುಗ ಬಂದು ‘ನಿಮ್ಮ ರೂಟರಂದ ದೋಷ ಐತ್ರಿ’ ಎನ್ನುತ್ತಾನೆ. ಅವನ ಮೇಲೆ ಸಿಟ್ಟಾಗಬೇಡ, ಕೆಲವೊಮ್ಮೆ ಅವನದೇ ನಿಜವಿರುತ್ತದೆ. ಎಲ್‌ಓಎಸ್ ಎಂದು ಬರೆದ ಕಡೆ ಕೆಂಪು ಲೈಟ್ ಉರಿಯುತ್ತಿದ್ದರೆ ಬೆಳಕೇ ಬರುತ್ತಿಲ್ಲ, ನಿನ್ನ ರೂಟರಿಗೂ ಅದಕ್ಕೂ ಸಂಬಂಧವಿಲ್ಲ. ಫೋನಿನಲ್ಲಿ ಅದರ ಫೋಟೊ ತೆಗೆದು ಮೊದಲೇ ಕಳಿಸು. ಕೆಂಪು ಇಲ್ಲದಿದ್ದರೆ ಅವನು ಬರುವ ಮುಂಚೆ ನಿನ್ನ ರೂಟರ್ ಬಿಚ್ಚಿ, ಲ್ಯಾಪ್‌ಟಾಪನ್ನು ನೇರ ಡಬ್ಬಿಗೆ ಸೇರಿಸಿ, ಬ್ರಿಡ್ಜ್ ಇದ್ದರೆ ಬರೆದಿಟ್ಟ ಲಾಗಿನ್ ಅದರಲ್ಲೇ ಹಾಕಿ ನೋಡು. ಅಲ್ಲಿ ನೆಟ್ ಬಂದರೆ ಅವನನ್ನು ಬಿಸಿಲಲ್ಲಿ ಕರೆಸುವ ಕೆಲಸವೇ ಇಲ್ಲ.

ಇಂತಿ,
ನಿನ್ನ ಹಿತ ಬಯಸುವ ಹಿರಿಯ