ಬ್ಯಾಂಕಿಗೆ ಮುಟ್ಟುವ ತನಕ ಮನೆಯಲ್ಲಿ ತಂಗುವ ಹಣ

ಹತ್ತಿಯ ಹಂಗಾಮಿನಲ್ಲಿ ಬೈಲಹೊಂಗಲದ ಪೇಟೆಯಿಂದ ಊರಿಗೆ ಮರಳುವ ಒಕ್ಕಲುಮಗನ ಒಳಜೇಬಿನಲ್ಲಾಗಲಿ, ರಾಮದುರ್ಗದ ನೇಕಾರನ ಮನೆಯಲ್ಲಿ ಮಗ್ಗದ ಬದಿಯ ಗೂಡಿನಲ್ಲಾಗಲಿ, ಸವದತ್ತಿಯ ಎಲ್ಲಮ್ಮನ ಗುಡ್ಡದಲ್ಲಿ ಭಂಡಾರ ಕುಂಕುಮ ಬಳೆಗಳನ್ನು ಮಾರುವವಳ ಸೆರಗಿನ ಗಂಟಿನಲ್ಲಾಗಲಿ, ಕಿತ್ತೂರಿನ ಕಿರಾಣಿ ವರ್ತಕನ ಗಲ್ಲಾಪೆಟ್ಟಿಗೆಯಲ್ಲಾಗಲಿ, ಸಾಯಂಕಾಲದ ಹೊತ್ತಿಗೆ ಕೂಡಿಬಿದ್ದ ನಗದು ಹಣವು ಆ ದಿನವೇ ಬ್ಯಾಂಕನ್ನು ಸೇರುವುದು ವಿರಳ. ಬ್ಯಾಂಕಿನ ವೇಳೆ ಮುಗಿದಿರುತ್ತದೆ. ಊರಿಗೂ ಶಾಖೆಗೂ ನಡುವೆ ದೂರದ ದಾರಿಯಿರುತ್ತದೆ. 2015ರ ಸೆಪ್ಟೆಂಬರ್ 1ರಿಂದ ಎರಡನೆಯ ಮತ್ತು ನಾಲ್ಕನೆಯ ಶನಿವಾರಗಳೂ ರಜೆಯಾಗಿರುವುದರಿಂದ, ಶುಕ್ರವಾರ ಸಂಜೆ ಕೈಗೆ ಬಂದ ದುಡ್ಡು ಸೋಮವಾರದವರೆಗೆ, ಸೋಮವಾರವೇನಾದರೂ ಹಬ್ಬವಾದರೆ ಮಂಗಳವಾರದವರೆಗೆ, ಮನೆಯಲ್ಲಿಯೇ ತಂಗಬೇಕಾಗುತ್ತದೆ. ಈ ಎರಡು ಮೂರು ರಾತ್ರಿಗಳ ಮಟ್ಟಿಗೆ ಗೃಹಸ್ಥನು ತಾನೇ ಒಂದು ಸಣ್ಣ ಖಜಾನೆಯ ಅಧಿಕಾರಿಯಾಗುತ್ತಾನೆ. ಆದರೆ ಖಜಾನೆಗಿರುವ ಕಟ್ಟಳೆಗಳಲ್ಲಿ ಒಂದನ್ನಾದರೂ ಆತನು ಪಾಲಿಸುವುದಿಲ್ಲವೆಂಬುದೇ ನನ್ನ ಆಕ್ಷೇಪ. ಹಣದ ರಕ್ಷಣೆಯೆಂದರೆ ಅದನ್ನು ಬಚ್ಚಿಡುವುದು ಎಂಬ ಭಾವನೆ ನಮ್ಮಲ್ಲಿ ಆಳವಾಗಿ ಬೇರೂರಿದೆ. ಬಚ್ಚಿಡುವುದಕ್ಕೂ ಮುಂಚೆ ಮಾಡತಕ್ಕ ಕೆಲಸಗಳು ಕೆಲವಿವೆ, ಅನಂತರ ಮಾಡತಕ್ಕವು ಮತ್ತೂ ಕೆಲವು.

ಮೊದಲನೆಯದು, ಮನೆಗೆ ಬರುವ ನಗದನ್ನೇ ಕಡಿಮೆ ಮಾಡುವುದು. ಕಬ್ಬಿನ ಬಿಲ್ಲು ಹೇಗೂ ಖಾತೆಗೇ ಬರುತ್ತದೆ. ಹತ್ತಿ, ಗೋವಿನಜೋಳ, ಕಡಲೆಗಳ ಪಟ್ಟಿಯ ಹಣವನ್ನೂ ಹಾಗೆಯೇ ಖಾತೆಗೆ ಹಾಕುವಂತೆ ಅಡತ್ಯಾನಿಗೆ ಹೇಳಲು ರೈತನು ಸಂಕೋಚಪಡಬೇಕಾದ ಕಾರಣವಿಲ್ಲ. ಆ ವಾರದ ಖರ್ಚಿಗೆ ಬೇಕಾದಷ್ಟನ್ನು ಮಾತ್ರ ಕೈಗೆ ತೆಗೆದುಕೊಂಡು ಉಳಿದುದನ್ನು ಖಾತೆಗೆ ಬಿಟ್ಟರೆ ಅರ್ಧ ಚಿಂತೆ ಅಲ್ಲಿಯೇ ಕಳೆಯಿತು. ಒಬ್ಬ ವ್ಯಕ್ತಿಯಿಂದ ಒಂದೇ ದಿನದಲ್ಲಿ 2 ಲಕ್ಷ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚನ್ನು ನಗದಾಗಿ ಸ್ವೀಕರಿಸುವುದನ್ನು ಆದಾಯ ತೆರಿಗೆಯ ಕಾನೂನು ನಿಷೇಧಿಸಿದೆ ಎಂಬುದನ್ನೂ ದೊಡ್ಡ ಹಿಡುವಳಿದಾರರು ನೆನಪಿನಲ್ಲಿಡಬೇಕು. ಪಟ್ಟಿಯ ಕಾಗದವನ್ನು ಎಂದೂ ಹರಿದೊಗೆಯಬಾರದು; ಹಣ ಎಲ್ಲಿಂದ ಬಂತೆಂದು ಯಾರಾದರೂ ಕೇಳಿದಲ್ಲಿ ಉತ್ತರ ಹೇಳುವುದು ಆ ಕಾಗದವೇ.

ದಿನವಹಿ ವ್ಯಾಪಾರದವರಿಗೆ ನಮ್ಮ ನಾಡಿನಲ್ಲೇ ಹುಟ್ಟಿದ ಒಂದು ಉಪಾಯವುಂಟು. ಮುಂದೆ ಸಿಂಡಿಕೇಟ್ ಬ್ಯಾಂಕೆಂದು ಪ್ರಸಿದ್ಧವಾದ ಉಡುಪಿಯ ಸಂಸ್ಥೆಯು 1928ರಲ್ಲಿ ದಿನಕ್ಕೆ ಎರಡಾಣೆಯಷ್ಟು ಅಲ್ಪ ಮೊತ್ತವನ್ನೂ ಮನೆಬಾಗಿಲಿಗೆ ಬಂದು ಸಂಗ್ರಹಿಸುವ ಪಿಗ್ಮಿ ಠೇವಣಿಯನ್ನು ಆರಂಭಿಸಿತು; ಗಲ್ಲಾಪೆಟ್ಟಿಗೆಗೂ ಬ್ಯಾಂಕಿಗೂ ನಡುವಣ ರಾತ್ರಿಯನ್ನು ಅಳಿಸಿಹಾಕಿದ ಕ್ರಮವಿದು. ಪಿಗ್ಮಿಯವನು ಬಂದಾಗ ರಸೀದಿಯನ್ನು ಆಗಿಂದಾಗಲೇ ಪಡೆಯಬೇಕು. ಹಣ ಸೇರುವುದು ಬ್ಯಾಂಕಿಗೋ ಪತ್ತಿನ ಸಹಕಾರಿ ಸಂಘಕ್ಕೋ ಎಂಬುದನ್ನು ಸ್ಪಷ್ಟವಾಗಿ ತಿಳಿದುಕೊಂಡಿರಬೇಕು. ಬ್ಯಾಂಕಾದರೆ, ಅದು ಸಹಕಾರಿ ಬ್ಯಾಂಕೇ ಆಗಿದ್ದರೂ, ಒಬ್ಬ ಠೇವಣಿದಾರನಿಗೆ ಅಸಲು ಬಡ್ಡಿ ಸೇರಿ 5 ಲಕ್ಷ ರೂಪಾಯಿಯವರೆಗೆ ಠೇವಣಿ ವಿಮೆಯ ರಕ್ಷಣೆಯಿದೆ. 2020ರ ಫೆಬ್ರುವರಿಗೆ ಮುಂಚೆ ಅದು ಕೇವಲ 1 ಲಕ್ಷವಿತ್ತು. ಪತ್ತಿನ ಸಂಘಗಳಿಗೂ ಸೌಹಾರ್ದ ಸಹಕಾರಿಗಳಿಗೂ ಈ ವಿಮೆ ಅನ್ವಯಿಸುವುದಿಲ್ಲ. ಓಣಿಗೊಂದು ಸಂಘದ ಫಲಕ ಕಾಣುವ ನಮ್ಮ ತಾಲೂಕುಗಳಲ್ಲಿ ಇದನ್ನು ಬಿಡಿಸಿ ಹೇಳುವವರು ಕಡಿಮೆ.

ಎರಡನೆಯದಾಗಿ, ಮನೆಯಲ್ಲಿ ಎಷ್ಟಿರಬೇಕೆಂಬ ಮಿತಿಯನ್ನು ಮೊದಲೇ ಗೊತ್ತುಮಾಡಿಕೊಳ್ಳಬೇಕು. ಮುಂದಿನ ಬ್ಯಾಂಕಿನ ಭೇಟಿಯವರೆಗೆ ಅಡಿಗೆ, ಆಳಿನ ಕೂಲಿ, ದನಕರುಗಳ ಮೇವು ಇವಕ್ಕೆ ತಗಲುವ ವೆಚ್ಚ, ಅದರ ಮೇಲೆ ಅರ್ಧರಾತ್ರಿಯಲ್ಲಿ ಯಾರಿಗಾದರೂ ಕಾಯಿಲೆಯಾಗಿ ಬೆಳಗಾವಿಗೋ ಧಾರವಾಡಕ್ಕೋ ಗಾಡಿ ಮಾಡಿಕೊಂಡು ಹೋಗಬೇಕಾದರೆ ಬೇಕಾಗುವ ಮೊತ್ತ: ಇಷ್ಟೇ ಮಿತಿ. ವಾರದ ಖರ್ಚು 4,000 ರೂಪಾಯಿ, ಆಪತ್ತಿನ ಗಂಟು 10,000 ಎಂದು ಒಂದು ಮನೆಯವರು ನಿಶ್ಚಯಿಸಿಕೊಂಡರೆ, 14,000ದ ಮೇಲೆ ಬಂದುದೆಲ್ಲ ಬ್ಯಾಂಕಿನ ಬಾಗಿಲು ತೆರೆದ ಮೊದಲ ದಿನವೇ ಹೋಗತಕ್ಕ ಹಣ.

ಮೂರನೆಯದು ಎಣಿಕೆ. ನೋಟನ್ನು ಕೊಟ್ಟವನ ಎದುರಿನಲ್ಲಿಯೇ ಎಣಿಸಿ ಪರೀಕ್ಷಿಸಬೇಕು. 500ರ ಮತ್ತು 200ರ ನೋಟುಗಳನ್ನು ಓರೆಯಾಗಿ ಹಿಡಿದಾಗ ರಕ್ಷಣಾ ದಾರದ ಬಣ್ಣವೂ ಬಲಬದಿಯ ಕೆಳಗಿನ ಅಂಕಿಯ ಬಣ್ಣವೂ ಹಸುರಿನಿಂದ ನೀಲಿಗೆ ತಿರುಗುತ್ತವೆ. ಖೋಟಾ ನೋಟೊಂದು ಬ್ಯಾಂಕಿನ ಕಿಟಕಿಯಲ್ಲಿ ಪತ್ತೆಯಾದರೆ ಅದನ್ನು ಮುಟ್ಟುಗೋಲು ಹಾಕಿಕೊಂಡು ರಸೀದಿ ಕೊಡುತ್ತಾರೆ, ಬೆಲೆಯನ್ನು ಕೊಡುವುದಿಲ್ಲ. ಒಂದೇ ವ್ಯವಹಾರದಲ್ಲಿ ಐದು ಅಥವಾ ಹೆಚ್ಚು ಸಿಕ್ಕಿದರೆ ಪೊಲೀಸ್ ಠಾಣೆಯಲ್ಲಿ ಪ್ರಕರಣವೇ ದಾಖಲಾಗುತ್ತದೆ. ಮನೆಗೆ ಬಂದ ಮೇಲೆ ಇಬ್ಬರು ಕುಳಿತು ಎಣಿಸಿ, ಯಾವ ಮುಖಬೆಲೆಯವು ಎಷ್ಟೆಷ್ಟು ಎಂದು ಕಿರ್ದಿಯಲ್ಲಿ ದಿನಾಂಕದೊಡನೆ ಬರೆದಿಡಬೇಕು. ನೆರೆಯವರೋ ಬಳಗದವರೋ ನಂಬಿಕೆಯಿಂದ ಇಟ್ಟುಹೋದ ಹಣವಿದ್ದರೆ ಅದಕ್ಕೆ ಬೇರೆ ಲಕೋಟೆ, ಬೇರೆ ಬರಹ. ನೋಟಿನ ಕಟ್ಟಿಗೆ ಕಾಗದದ ಪಟ್ಟಿಯೇ ಉತ್ತಮ: ರಬ್ಬರು ನಮ್ಮ ಬೇಸಗೆಯ ಸೆಕೆಗೆ ಕರಗಿ ನೋಟಿಗೆ ಅಂಟುತ್ತದೆ, ಟಾಚಣಿಯೂ ಸ್ಟೇಪಲ್ ಪಿನ್ನೂ ತೂತು ಬೀಳಿಸುತ್ತವೆ.

ಇನ್ನು ಇಡುವ ಜಾಗ. ಪೂರ್ವಿಕರಿಗೆ ಇದರಲ್ಲಿ ಆಯ್ಕೆಗಳು ಬಹಳವಿದ್ದುವು: ಜೋಳದ ಹಗೇವು, ಗೋಡೆಯ ಮಾಡ, ದೇವರ ಜಗುಲಿಯ ಕೆಳಗಿನ ಗೂಡು, ಜಂತಿಯ ಸಂದು. ಬೆಳ್ಳಿ ಬಂಗಾರದ ನಾಣ್ಯಗಳ ಕಾಲಕ್ಕೆ ಇವು ತಕ್ಕವಾಗಿದ್ದುವೇ ಹೊರತು ನೋಟಿನ ಕಾಲಕ್ಕೆ ಅಲ್ಲ. ನಮ್ಮ ನೋಟಿನ ಕಾಗದವು ಸಂಪೂರ್ಣವಾಗಿ ಹತ್ತಿಯ ನಾರಿನಿಂದ ಆದುದು. ಬೈಲಹೊಂಗಲದಲ್ಲಿ ಹತ್ತಿ ಮಾರಿ ತಂದದ್ದೂ ಒಂದು ಬಗೆಯಲ್ಲಿ ಹತ್ತಿಯೇ ಆಯಿತು. ಹೀಗಾಗಿ ಇಲಿಗೂ ಗೆದ್ದಲಿಗೂ ನೆಲದ ಹಸಿಗೂ ಅದು ಸುಲಭವಾದ ತುತ್ತು. ಎರೆ ನೆಲದ ಮೇಲೆ ಕಟ್ಟಿದ ಮನೆಯ ಗೋಡೆಯ ಬುಡವು ಮಳೆಗಾಲದಲ್ಲಿ ಹಸಿಯೇರುತ್ತದೆ, ಮಣ್ಣಿನ ಮಾಳಿಗೆಯು ಸೋನೆ ಹಿಡಿದಾಗ ಸೋರುತ್ತದೆ. ಹಗೇವಿನ ಮಾತಂತೂ ಬೇಡ. ಬಹುಕಾಲ ಮುಚ್ಚಿದ್ದ ಹಗೇವಿನೊಳಗೆ ಉಸಿರಾಡುವ ಗಾಳಿಯೇ ಇರುವುದಿಲ್ಲವಾದುದರಿಂದ ಅದರಲ್ಲಿ ಇಳಿಯುವುದು ಪ್ರಾಣಕ್ಕೇ ಅಪಾಯ. 2019ರ ಆಗಸ್ಟ್ ತಿಂಗಳಲ್ಲಿ ನವಿಲುತೀರ್ಥದ ರೇಣುಕಾಸಾಗರದಿಂದ ಬಿಟ್ಟ ನೀರು ಸೇರಿ ಮಲಪ್ರಭೆಯು ಉಕ್ಕೇರಿ ರಾಮದುರ್ಗದ ಸೀಮೆಯ ಮನೆಗಳೊಳಕ್ಕೆ ನುಗ್ಗಿದಾಗ, ನೆಲಮಟ್ಟದಲ್ಲಿದ್ದ ಯಾವ ಗೂಡಿಗೂ ರಕ್ಷಣೆಯಿರಲಿಲ್ಲ. ನದೀತೀರದ ಊರಿನವರು ಹಣವನ್ನು ಎದೆಮಟ್ಟಕ್ಕಿಂತ ಎತ್ತರದಲ್ಲಿ, ಬಿಗಿಯಾಗಿ ಮುಚ್ಚುವ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಎದ್ದ ಗಳಿಗೆಗೆ ಕೈಗೆತ್ತಿಕೊಂಡು ಹೊರಡುವಂತೆ ಆಧಾರ್, ಪಾಸ್‌ಬುಕ್ಕು, ಹೊಲದ ಉತಾರಗಳೊಡನೆ ಒಂದೇ ಕೈಚೀಲದಲ್ಲಿ ಇಟ್ಟುಕೊಳ್ಳುವುದು ವಿಹಿತ.

ಅಕ್ಕಿಯ ಡಬ್ಬಿ, ಹಾಸಿಗೆಯ ಅಡಿ, ಸೀರೆಯ ಮಡಿಕೆ, ದೇವರ ಪಟದ ಹಿಂಭಾಗ ಇವನ್ನು ಗೃಹಿಣಿ ಎಷ್ಟು ಚೆನ್ನಾಗಿ ಬಲ್ಲಳೋ ಕಳ್ಳನೂ ಅಷ್ಟೇ ಚೆನ್ನಾಗಿ ಬಲ್ಲ. ಅಡಿಗೆಮನೆಯಲ್ಲಿ ಬೆಂಕಿಯ ಭಯ ಬೇರೆ. ಜಗುಲಿಯ ಮೇಲೆ ನಂದಾದೀಪವಿರುತ್ತದೆ. ತಿಜೋರಿ ಕೊಳ್ಳುವವರು ಒಂದು ಮಾತನ್ನು ಗಮನಿಸಬೇಕು: ಇಬ್ಬರು ಹೊತ್ತೊಯ್ಯಬಲ್ಲ ಸಣ್ಣ ತಿಜೋರಿಯನ್ನು ಒಳಗಿನಿಂದ ಬೋಲ್ಟು ಹಾಕಿ ನೆಲಕ್ಕೋ ಗೋಡೆಗೋ ಬಿಗಿಯದಿದ್ದರೆ, ಕಳ್ಳನಿಗೆ ಹಣವನ್ನು ಪೆಟ್ಟಿಗೆಯ ಸಮೇತ ಒಪ್ಪಿಸಿದಂತಾಗುತ್ತದೆ. ಮಣ್ಣಿನ ಗೋಡೆಯಲ್ಲಿ ಬೋಲ್ಟು ನಿಲ್ಲದು, ಕನ್ನ ಕೊರೆಯುವುದೂ ಅಲ್ಲಿ ಸುಲಭ. ಕಾಂಕ್ರೀಟಿನ ನೆಲವೇ ಬೇಕು. ಸಾಮಾನ್ಯ ಉಕ್ಕಿನ ಕಪಾಟು ಕಳ್ಳನ ಕೈಯನ್ನು ತಡೆದೀತು, ಬೆಂಕಿಯನ್ನಲ್ಲ. ಬೀಗದ ಕೈಯನ್ನು ಬಾಗಿಲ ಚೌಕಟ್ಟಿನ ಮೇಲೆ ಇಡುವ ಪದ್ಧತಿಯನ್ನು ಇಂದೇ ಬಿಡಬೇಕು. ಹಣವನ್ನು ಬ್ಯಾಂಕಿನ ಲಾಕರಿನಲ್ಲಿ ಇಟ್ಟರಾಯಿತೆಂದು ಯೋಚಿಸುವವರಿಗೆ ಹೇಳಬೇಕಾದುದೇನೆಂದರೆ, ಲಾಕರು ಆಭರಣ, ದಸ್ತಾವೇಜುಗಳಿಗೆ ಮಾತ್ರ. ಈಗಿನ ಕರಾರಿನ ಪ್ರಕಾರ ಅದರಲ್ಲಿ ನಗದನ್ನು ಇಡುವಂತಿಲ್ಲ.

ಮೊತ್ತವನ್ನು ಎರಡು ಕಡೆ ಹಂಚಿಡುವುದು ಮೇಲು: ದಿನಬಳಕೆಯದು ಒಂದೆಡೆ, ಬ್ಯಾಂಕಿಗೆ ಹೋಗತಕ್ಕುದು ಇನ್ನೊಂದೆಡೆ. ಈ ಸೀಮೆಯ ಅತಿ ದೊಡ್ಡ ಭಂಡಾರವೇ ಇದಕ್ಕೆ ಸಾಕ್ಷಿಯಾಗಿದೆ. 1824ರ ಸೆಪ್ಟೆಂಬರಿನಲ್ಲಿ ಕಿತ್ತೂರಿನ ದೊರೆ ಶಿವಲಿಂಗರುದ್ರ ಸರ್ಜನು ತೀರಿಕೊಂಡ ಬಳಿಕ ಧಾರವಾಡದ ಕಲೆಕ್ಟರ್ ಥ್ಯಾಕರೆಯು ಕಿತ್ತೂರಿನ ಭಂಡಾರಕ್ಕೆ ಮೊಹರು ಹಾಕಿಸಿ ಕಾವಲಿರಿಸಿದನು; ಅಕ್ಟೋಬರ್ 23ರ ಯುದ್ಧದಲ್ಲಿ ಆತನೇ ಹತನಾದನು; ಡಿಸೆಂಬರಿನಲ್ಲಿ ಕೋಟೆ ಬಿದ್ದಾಗ ತಲೆಮಾರುಗಳಿಂದ ಒಂದೇ ಕಡೆ ಕೂಡಿಟ್ಟ ದ್ರವ್ಯವೆಲ್ಲ ಈಸ್ಟ್ ಇಂಡಿಯಾ ಕಂಪನಿಯ ವಶವಾಯಿತು. ರಾಜಕಾರಣದ ಕಥೆ ಬೇರೆಯೆಂಬುದು ನಿಜ, ಆದರೆ ಗೃಹಸ್ಥನಿಗೂ ಅದರಲ್ಲೊಂದು ಲೆಕ್ಕಾಚಾರವಿದೆ.

ಎಲ್ಲಕ್ಕಿಂತ ಮುಖ್ಯವಾದುದನ್ನು ಈಗ ಹೇಳುತ್ತೇನೆ. ಬ್ಯಾಂಕಿನ ಭದ್ರಕೋಣೆಯ ಕೀಲಿಗಳು ಇಬ್ಬರು ಅಧಿಕಾರಿಗಳ ಜಂಟಿ ವಶದಲ್ಲಿರುತ್ತವೆ. ಒಬ್ಬನೇ ತೆರೆಯಲಾರ, ಒಬ್ಬನೇ ಮರೆಯಲಾರ. ಮಹಿಳಾ ಸ್ವಸಹಾಯ ಸಂಘಗಳಲ್ಲಿಯೂ ಪೆಟ್ಟಿಗೆ ಒಬ್ಬಳ ಮನೆಯಲ್ಲಿ, ಕೀಲಿ ಮತ್ತೊಬ್ಬಳ ಮನೆಯಲ್ಲಿ ಇಡುವ ರೂಢಿಯಿದೆ. ಮನೆಗಳಲ್ಲಾದರೋ ಯಜಮಾನನು ಹೆಂಡತಿಗೆ ಹೇಳದೆ, ಅತ್ತೆ ಸೊಸೆಗೆ ಹೇಳದೆ ಇಟ್ಟ ಹಣವು ಕಳ್ಳನಿಗಿಂತ ಮರೆವಿಗೂ ಮರಣಕ್ಕೂ ಹೆಚ್ಚು ಸಲ ಬಲಿಯಾಗುತ್ತದೆ. 2016ರ ನವೆಂಬರ್ 8ರ ರಾತ್ರಿ 500, 1000ದ ನೋಟುಗಳು ರದ್ದಾದಾಗ ಬಯಲುಸೀಮೆಯಲ್ಲಿ ಹತ್ತಿ ಬಿಡಿಸುವ ಕಾಲ; ಪೇಟೆಯ ವ್ಯವಹಾರವೇ ತಡವರಿಸಿತು, ಮನೆಗಳ ಒಳಗೆ ಹೆಂಗಸರು ಯಾರಿಗೂ ಹೇಳದೆ ಸಾಸಿವೆ ಡಬ್ಬಿಯಲ್ಲಿ ಕೂಡಿಟ್ಟಿದ್ದುದೂ ಹೊರಬರಲೇಬೇಕಾಯಿತು. ಡಿಸೆಂಬರ್ 30 ಕಳೆದ ಮೇಲೆ ಸಿಕ್ಕ ಗಂಟುಗಳು ಬರಿಯ ಕಾಗದವಾದುವು. 2000ದ ನೋಟನ್ನು ಬ್ಯಾಂಕುಗಳು 2023ರ ಅಕ್ಟೋಬರ್ 7ರವರೆಗೆ ಮಾತ್ರ ಬದಲಿಸಿಕೊಟ್ಟುವು. ಆಮೇಲೆ ರಿಸರ್ವ್ ಬ್ಯಾಂಕಿನ ಕಚೇರಿಗಳೇ ಗತಿ. ಆದಕಾರಣ, ಸ್ಥಳವನ್ನು ಬಲ್ಲವರು ಮನೆಯಲ್ಲಿ ಇಬ್ಬರಾದರೂ ಇರತಕ್ಕದ್ದು, ಮೂರನೆಯವರು ಬೇಡ. ಆಪತ್ತಿನ ಗಂಟನ್ನು ಆರು ತಿಂಗಳಿಗೊಮ್ಮೆ ಬಿಚ್ಚಿ ಎಣಿಸಿ, ಹಳೆಯ ನೋಟನ್ನು ಖರ್ಚಿಗೆ ತೆಗೆದು ಹೊಸದನ್ನು ಇಡತಕ್ಕದ್ದು. ಹೆಂಗಸರ ಉಳಿತಾಯವನ್ನು ಪ್ರಶ್ನಿಸದಿರುವ ಸೌಜನ್ಯ ಗಂಡಸರಲ್ಲಿದ್ದರೆ ಅದು ಡಬ್ಬಿಯಲ್ಲಿ ಅಡಗದೆ ಅವರ ಹೆಸರಿನ ಖಾತೆಗೇ ಹೋಗುತ್ತಿತ್ತೆಂದು ನನ್ನ ನಂಬಿಕೆ.

ನಮ್ಮ ಕಡೆಯವರಿಗೆ ವಿಶೇಷವಾದ ಒಂದು ಎಚ್ಚರಿಕೆಯುಂಟು. ಹತ್ತಿಯ ದುಡ್ಡು ಮನೆಗೆ ಬರುವ ತಿಂಗಳುಗಳೂ, ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಳಿಗೆ ಮನೆಮಂದಿಯೆಲ್ಲ ಬೀಗ ಹಾಕಿಕೊಂಡು ಎಲ್ಲಮ್ಮನ ಗುಡ್ಡಕ್ಕೆ ಹೊರಡುವ ತಿಂಗಳುಗಳೂ ಒಂದೇ. ಜಾತ್ರೆಗೆ ಮುಂಚಿನ ಕೊನೆಯ ಬ್ಯಾಂಕ್ ದಿನವನ್ನು ಪಂಚಾಂಗ ನೋಡುವಾಗಲೇ ಗುರುತಿಸಿಟ್ಟುಕೊಂಡು, ಅಂದು ಮಿತಿ ಮೀರಿದ ಹಣವನ್ನೆಲ್ಲ ಜಮೆಮಾಡಿ ಹೊರಡಬೇಕು. ಗುಡ್ಡದ ನೂಕುನುಗ್ಗಲಿನಲ್ಲಿ ದೊಡ್ಡ ಮೊತ್ತವನ್ನು ಮೈಮೇಲೆ ಇಟ್ಟುಕೊಳ್ಳುವುದೂ ಲೇಸಲ್ಲ. ಮನೆ ಬಿಟ್ಟಿರುವುದನ್ನು ಫೋನಿನ ಸ್ಟೇಟಸ್ಸಿನಲ್ಲಿ ಸಾರುವುದಕ್ಕಿಂತ ಠಾಣೆಗೆ ಒಂದು ಮಾತು ತಿಳಿಸುವುದು ವಿವೇಕ.

ನೋಟು ನೆನೆದರೆ? ಕಟ್ಟನ್ನು ಎಳೆದು ಬಿಡಿಸಬಾರದು, ಒಲೆಯ ಮೇಲೆ ಕಾಯಿಸಬಾರದು, ಇಸ್ತ್ರಿ ಹಾಕಬಾರದು. ಬಿಳಿಯ ಬಟ್ಟೆಯ ಮೇಲೆ ನೆರಳಿನಲ್ಲಿ ಗಾಳಿಗೆ ಹರವಿ, ಅರೆ ಒಣಗಿದ ಮೇಲೆ ಒಂದೊಂದಾಗಿ ಸಡಿಲಿಸಬೇಕು. ಮಾಸಿದ, ಹರಿದ ನೋಟುಗಳನ್ನು ಬ್ಯಾಂಕಿನ ಶಾಖೆಯಲ್ಲಿಯೇ ಬದಲಿಸಿಕೊಡುತ್ತಾರೆ. ಇಲಿ ಕಡಿದ 50 ರೂಪಾಯಿ ಮತ್ತು ಅದಕ್ಕೆ ಮೇಲ್ಪಟ್ಟ ನೋಟಿನಲ್ಲಿ ಉಳಿದ ಅತಿ ದೊಡ್ಡ ತುಂಡು ಪೂರ್ಣ ವಿಸ್ತೀರ್ಣದ ಶೇಕಡ 80ಕ್ಕಿಂತ ಹೆಚ್ಚಿದ್ದರೆ ಪೂರ್ತಿ ಬೆಲೆ, ಶೇಕಡ 40ರಿಂದ 80ರ ಒಳಗಿದ್ದರೆ ಅರ್ಧ ಬೆಲೆ, ಅದಕ್ಕೂ ಕಡಿಮೆಯಾದರೆ ಏನೂ ಇಲ್ಲ. ಆದುದರಿಂದ ಚೂರನ್ನೂ ಎಸೆಯಬಾರದು. ಸುಟ್ಟು ಕರಕಾದುವು, ಬಿಡಿಸಲಾಗದಂತೆ ಅಂಟಿಕೊಂಡುವು ಇವಕ್ಕೆ ಬೆಂಗಳೂರಿನ ನೃಪತುಂಗ ರಸ್ತೆಯಲ್ಲಿರುವ ರಿಸರ್ವ್ ಬ್ಯಾಂಕಿನ ಕಚೇರಿಯೇ ಕೊನೆಯ ಆಸರೆ.

ಇನ್ನುಳಿದುದು ಬ್ಯಾಂಕಿನ ದಾರಿ. ಎಷ್ಟು ಹಣ, ಯಾವಾಗ ಹೊರಡುವುದೆಂದು ಚಹದಂಗಡಿಯಲ್ಲಿ ಆಡಬಾರದು. ಮೊತ್ತ ದೊಡ್ಡದಾದರೆ ಇಬ್ಬರು ಹೋಗಬೇಕು, ಪ್ಯಾನ್ ಕಾರ್ಡು ಜೊತೆಗಿರಬೇಕು. ಮೋಟಾರ್ ಸೈಕಲಿನ ಡಿಕ್ಕಿಯಲ್ಲಿ ಹಣವಿಟ್ಟು ನಡುದಾರಿಯಲ್ಲಿ ಎಲ್ಲಿಯೂ ಇಳಿಯಬಾರದು. ಅಂಗಿಗೆ ಹೊಲಸು ಸಿಡಿದಿದೆಯೆಂದೋ ಹತ್ತು ರೂಪಾಯಿಯ ನೋಟು ಬಿದ್ದಿದೆಯೆಂದೋ ಕರೆದು ಗಮನವನ್ನು ಬೇರೆಡೆಗೆ ಸೆಳೆಯುವುದು ಬ್ಯಾಂಕಿನ ಸುತ್ತ ಸುಳಿಯುವ ವಂಚಕರ ಹಳೆಯ ವರಸೆ. ದಾರಿಯಲ್ಲಿ ಕೇಡು ಸಂಭವಿಸಿದರೆ 112ಕ್ಕೆ ಕೂಡಲೇ ಕರೆಮಾಡಬೇಕು. ಕಿರ್ದಿಯಲ್ಲಿ ಬರೆದ ಮುಖಬೆಲೆಗಳ ವಿವರವು ಆಗ ದೂರಿಗೆ ಬಲ ಕೊಡುತ್ತದೆ. ಕಿಟಕಿಯಲ್ಲಿ ಹಣ ಕೊಟ್ಟ ಮೇಲೆ ಮೊಹರು ಬಿದ್ದ ಚಲನ್ನಿನ ತುಂಡನ್ನು ಪಡೆದು, ಮೊತ್ತವನ್ನು ಅಂಕಿಯಲ್ಲಿಯೂ ಅಕ್ಷರದಲ್ಲಿಯೂ ಓದಿ, ಮನೆಗೆ ಬಂದೊಡನೆ ಕಿರ್ದಿಯ ಅದೇ ಪುಟಕ್ಕೆ ಅಂಟಿಸಬೇಕು. ಸಂಜೆಯೊಳಗೆ ಮೊಬೈಲಿಗೆ ಜಮೆಯ ಸಂದೇಶ ಬಾರದಿದ್ದರೆ, ಪಾಸ್‌ಬುಕ್ಕಿನಲ್ಲೂ ಮೊತ್ತ ಕಾಣದಿದ್ದರೆ, ಮರುದಿನ ಬೆಳಿಗ್ಗೆ ಆ ತುಂಡನ್ನು ಹಿಡಿದುಕೊಂಡು ಶಾಖೆಯ ಬಾಗಿಲಲ್ಲಿ ನಿಲ್ಲುವುದಕ್ಕೆ ತಡಮಾಡಬಾರದು.